ಊರು ಸರಿಯಿತು, ತಿಪ್ಪಿ ಉಳಿಯಿತು

ನಾನು ಒಣಬೇಸಾಯದ ರೈತ. ಓದಿದ್ದು ಏಳನೇ ಇಯತ್ತೆ. ರೋಣ ತಾಲೂಕಿನ ಹೊಳೆದಂಡಿಯ ಊರು ನಮ್ಮದು. ಊರಿನ ಹೆಸರು ಬರೆದಿಲ್ಲ. ಯಾಕಂದರೆ ಇದು ಒಂದೇ ಊರಿನ ಮಾತಲ್ಲ. ಗದಗ ಜಿಲ್ಲೆಯ ಬಡಗಣ ತುದಿಯಲ್ಲಿ ಮಲಪ್ರಭೆ ಹರಿಯುತ್ತದೆ. ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರದಿಂದ ಹಿಡಿದು ರೋಣ ತಾಲೂಕಿನ ಹೊಳೆಆಲೂರು, ಮೆಣಸಗಿ, ಗಾಡಗೋಳಿ, ಹೊಳೆಹಡಗಲಿವರೆಗೆ ದಂಡಿಯ ಊರುಗಳಿಗೆಲ್ಲ ಈ ಹೊಳೆಯ ಸಂಗಡ ಒಂದಿಲ್ಲೊಂದು ಲೆಕ್ಕ ಇದ್ದೇ ಇದೆ.

2009ರ ನೆರೆ ಆದ ಮೇಲೆ ನಮ್ಮ ಊರನ್ನು ಹೊಳೆಯಿಂದ ಎರಡೂವರೆ ಕಿಲೋಮೀಟರು ದೂರದ ದಿಬ್ಬಕ್ಕೆ ಸರಿಸಿದರು. ಮನಿ ಕೊಟ್ಟರು. ಆದರೆ ಒಕ್ಕಲುತನದ ಮನಿಯೊಳಗೆ ಏನೇನು ಇರಬೇಕೋ ಅದನ್ನು ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಆ ತಪ್ಪಿನ ಬೆಲೆ ಹತ್ತು ವರ್ಷ ಕೊಟ್ಟೆವು. ಆಮೇಲೆ ನಾವೇ ಕೂಡಿ ಒಂದೊಂದಾಗಿ ಸರಿ ಮಾಡಿಕೊಂಡೆವು. ಅದನ್ನೇ ಇಲ್ಲಿ ಬರೆದಿದ್ದೇನೆ. ಊರು ಬಿಡಬೇಕಾಗಿ ಬಂದ ಇನ್ನೊಬ್ಬ ರೈತನಿಗೆ ಉಪಯೋಗ ಆದರೆ ಸಾಕು.

ಬರವೂ ನಮ್ಮದೇ, ನೆರೆಯೂ ನಮ್ಮದೇ

ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡ್ಲಿ, ಕುಸುಬಿ. ಎರಿ ಭೂಮಿ ಹಸಿ ಹಿಡಿದರೆ ಇಬ್ಬನಿ ಮೇಲೇ ಬೆಳೆ ಬರುತ್ತದೆ, ಹಿಡಿಯದಿದ್ದರೆ ಬೀಜವೂ ಹೋಗುತ್ತದೆ. ನೀರಿಗಾಗಿ ನರಗುಂದದಲ್ಲಿ 2015ರಿಂದ ವರ್ಷಗಟ್ಟಲೆ ಮಹದಾಯಿ ಧರಣಿ ಕುಂತವರು ನಮ್ಮ ರೈತರೇ. ಅಂಥ ಬರಗಾಲದ ಸೀಮೆಗೆ ನೆರೆ ಬಂತು ಅಂದರೆ ಹೊರಗಿನವರು ನಂಬುವುದಿಲ್ಲ.

ಬರುವ ರೀತಿ ಹೀಗೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯ ಮಲೆನಾಡಿನಲ್ಲಿ. ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಅದಕ್ಕೆ ಅಣೆಕಟ್ಟು ಇದೆ. ಅದು ಹಿಡಿಯುವುದು ಸುಮಾರು 37 ಟಿಎಂಸಿ. ಬಹಳ ವರ್ಷ ಅದು ತುಂಬುವುದೇ ಇಲ್ಲ. ತುಂಬಿದ ಮೇಲೆ ಮಲೆನಾಡಿನಲ್ಲಿ ಮಳೆ ನಿಲ್ಲದಿದ್ದರೆ ಬಂದ ನೀರನ್ನು ಬಿಡಲೇಬೇಕು. ಇನ್ನೊಂದು ಬೆಣ್ಣಿಹಳ್ಳ. ಅದು ಶಿಗ್ಗಾವಿ ಕಡೆಯಿಂದ ಹುಬ್ಬಳ್ಳಿ, ನವಲಗುಂದ ಸೀಮೆಯ ನೀರನ್ನೆಲ್ಲ ಹೊತ್ತು ಮೆಣಸಗಿ ಹತ್ತಿರ ಹೊಳೆಗೆ ಕೂಡುತ್ತದೆ. ಬೇಸಿಗೆಯಲ್ಲಿ ನೋಡಿದರೆ ಜಾಲಿಕಂಟಿ ಬೆಳೆದ ಹಳ್ಳ, ಅಷ್ಟೇ. ಎರಡೂ ಒಂದೇ ಹೊತ್ತಿಗೆ ಬಂದವು ಅಂದರೆ ಹೊಳೆಗೆ ಹೋಗಲು ದಾರಿ ಸಾಲದು. ಆಗ ಅದು ನಮ್ಮ ಓಣಿಯೊಳಗೆ ದಾರಿ ಮಾಡಿಕೊಳ್ಳುತ್ತದೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಹಾಗೇ ಆಯಿತು. ಆಗ ನನಗೆ ನಲವತ್ತು ವರ್ಷ. ಜೋಳ ಬಿತ್ತಿ ಎಂಟು ದಿನ ಆಗಿತ್ತು. ಮೊಳಕೆ, ಮಣ್ಣು ಎರಡೂ ಹೋದವು. ಬಣವಿ ಎದ್ದು ತೇಲುತ್ತ ಹೋದದ್ದನ್ನು ಗುಡಿಯ ಮಾಳಿಗಿ ಮೇಲಿಂದ ನೋಡಿದೆ. ನಮ್ಮ ಮನಿಯ ಮುಂದಿನ ಗ್ವಾಡಿ ಕುಸಿಯಿತು. ಎಲ್ಲಕ್ಕಿಂತ ದೊಡ್ಡ ನಷ್ಟ ಹಗೇವಿನದು. ನೆಲದೊಳಗಿನ ಹಗೇವಿನಲ್ಲಿ ಹದಿನಾಲ್ಕು ಚೀಲ ಜೋಳ ಇಟ್ಟಿದ್ದೆವು. ನೀರು ಇಳಿದ ಮೇಲೆ ಬಾಯಿ ತೆರೆದರೆ ಕೊಳೆತ ವಾಸನೆ ಮೂರು ಓಣಿಗೆ ಹೋಯಿತು. ಬರ ಬಂದಾಗ ಮೂರು ತಲೆಮಾರು ಕಾಪಾಡಿದ ಹಗೇವು ನೆರೆಗೆ ಒಂದು ರಾತ್ರಿಯೂ ತಡೆಯಲಿಲ್ಲ.

ಹಳೆ ಮನಿ ಅಂದರೆ ಏನು?

ಮುಂದಿನ ಮಾತು ತಿಳಿಯಬೇಕಾದರೆ ನಮ್ಮ ಹಳೆ ಮನಿ ಹೇಗಿತ್ತು ಅಂತ ಹೇಳಬೇಕು. ಮಣ್ಣಿನ ಮೇಲ್ಮುದ್ದಿ ಮನಿ. ಗ್ವಾಡಿ ಎರಡೂವರೆ ಅಡಿ ದಪ್ಪ. ತಲಬಾಗಿಲು ದಾಟಿದ ಕೂಡಲೇ ತಗ್ಗಿನ ಜಾಗದಲ್ಲಿ ದನ ಕಟ್ಟುವ ಹಕ್ಕಿ, ಅದರ ಪಕ್ಕ ಎತ್ತರದ ಪಡಸಾಲಿ, ಅದರ ಹಿಂದೆ ಅಡಗಿಮನಿ. ಮನಿಯ ಅರ್ಧ ದನದ್ದು, ಅರ್ಧ ನಮ್ಮದು. ರಾತ್ರಿ ಎತ್ತಿನ ಕೊರಳ ಗಂಟಿ ಸಪ್ಪಳ ಬದಲಾದರೆ ಮಲಗಿದಲ್ಲೇ ಗೊತ್ತಾಗುತ್ತಿತ್ತು. ಹಿತ್ತಲಿನಲ್ಲಿ ತಿಪ್ಪಿ, ತಿಪ್ಪಿಯ ಆಚೆ ಬಣವಿ, ಅಲ್ಲಿಂದ ಹತ್ತು ಮಾರು ನಡೆದರೆ ಕಣ. ಹೊಲ ಅರ್ಧ ಮೈಲಿ.

ಅಂದರೆ ಹೆಂಡಿ ತೆಗೆದವಳು ಇಪ್ಪತ್ತು ಹೆಜ್ಜೆ ನಡೆದು ತಿಪ್ಪಿಗೆ ಹಾಕುತ್ತಿದ್ದಳು. ಕಣಕಿ ತರುವವನು ಮೂವತ್ತು ಹೆಜ್ಜೆ ನಡೆಯುತ್ತಿದ್ದ. ಯಾವುದೂ ಕೆಲಸ ಅನ್ನಿಸುತ್ತಿರಲಿಲ್ಲ. ರಂಟಿ, ಕುಂಟಿ, ಕೂರಿಗೆ ಹೇಗೋ ಮನಿಯೂ ಹಾಗೆ ಒಂದು ಸಾಮಾನು, ಬರೇ ಮಲಗುವ ಜಾಗ ಅಲ್ಲ. ಇದು ನಮಗೆ ತಿಳಿದದ್ದು ಮನಿ ಬಿಟ್ಟ ಮೇಲೆ.

ಹೊಸ ಊರಿನ ಮೊದಲ ದಿನಗಳು

ನೆರೆ ಇಳಿದ ಮೇಲೆ ರಾಜ್ಯ ಸರಕಾರ ದಾನಿಗಳ ನೆರವಿನಿಂದ ‘ಆಸರೆ’ ಯೋಜನೆ ತಂದು ಉತ್ತರ ಕರ್ನಾಟಕದಲ್ಲಿ ಸಾವಿರಾರು ಮನಿ ಕಟ್ಟಿಸಿತು. ಇಷ್ಟು ದೊಡ್ಡ ಕೆಲಸ ಮಾಡಿದವರ ಉಪಕಾರ ನಾವು ಮರೆಯಬಾರದು. ನಮ್ಮ ಕುಟುಂಬಕ್ಕೂ ಒಂದು ಮನಿ ಬಂತು. ಒಂದು ಪಡಸಾಲಿ, ಒಂದು ಕೋಣಿ, ಅಡಗಿಮನಿ, ಮೇಲೆ ಕಾಂಕ್ರೀಟು.

ಮನಿ ಹಂಚಿದ್ದು ಚೀಟಿ ಎತ್ತಿ. ನ್ಯಾಯವಾಗಿಯೇ ಹಂಚಿದರು, ಯಾರಿಗೂ ತಕರಾರು ಇಲ್ಲ. ಆದರೆ ಒಂದು ಓಣಿಯವರು ಆರು ಓಣಿಗೆ ಹರಿದು ಹೋದರು. ನಮ್ಮ ಮಗ್ಗಲು ಮನಿಯಾತ ಆ ತುದಿಗೆ, ನಾನು ಈ ತುದಿಗೆ. ಇದರಿಂದ ಮೊದಲು ನಿಂತದ್ದು ಮುಯ್ಯಾಳು. ನಿಮ್ಮ ಹೊಲಕ್ಕೆ ಇವತ್ತು ನಾವು, ನಮ್ಮ ಹೊಲಕ್ಕೆ ನಾಳೆ ನೀವು ಅನ್ನುವ ಪದ್ಧತಿ ಕಟ್ಟಿ ಮೇಲೆ ಕೂತು ಮಾತಾಡುವವರ ನಡುವೆ ನಡೆಯುವಂಥದ್ದು. ಹೊಸ ಮನಿಗೆ ಕಟ್ಟಿಯೇ ಇರಲಿಲ್ಲ.

ಗಿಡ ಇಲ್ಲ, ನೆರಳಿಲ್ಲ, ಬಸ್ಸಿಲ್ಲ. ಅಂಗಡಿ ಬರಲು ಎರಡು ವರ್ಷ ಹಿಡಿಯಿತು. ಬೇಸಿಗೆಯಲ್ಲಿ ಮನಿಯೊಳಗೆ ಮಧ್ಯಾಹ್ನ ಕೂರಲು ಆಗುತ್ತಿರಲಿಲ್ಲ. ಕೊಳವೆಬಾವಿ ನೀರು ಸವಳು. ಬೇಳೆ ಬೇಯುತ್ತಿರಲಿಲ್ಲ. ದ್ಯಾಮವ್ವನ ಗುಡಿ ಹಳೆ ಊರಿನಲ್ಲೇ ಉಳಿಯಿತು. ಮನಿಯ ಕಾಗದ ಕೆಲವರ ಕೈಗೆ ಬೇಗ ಬಂತು, ಕೆಲವರಿಗೆ ಬಹಳ ತಡವಾಯಿತು.

ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಆದರೆ ದನ ಎಲ್ಲಿ ಕಟ್ಟುವುದು? ಮನಿಯ ಮುಂದೆ ಕಟ್ಟಿದರೆ ಗಂಜಲ ಮಗ್ಗಲು ಮನಿಯ ಬಾಗಿಲಿಗೆ ಹರಿಯುತ್ತದೆ. ತಿಪ್ಪಿ ಹಾಕಿದರೆ ಜಗಳ. ಬಣವಿ ಒಟ್ಟಿದರೆ ಬೆಂಕಿಯ ಅಂಜಿಕೆ. ನಮ್ಮ ಓಣಿಯ 40 ಮನಿಯವರಲ್ಲಿ ಹಳೆ ಊರಿನಲ್ಲಿ ಇದ್ದಾಗ 22 ಜೋಡಿ ಎತ್ತು ಇದ್ದವು. ಹೊಸ ಊರಿಗೆ ಬಂದು ಎರಡು ವರ್ಷದೊಳಗೆ 11 ಜೋಡಿ ಸಂತೆ ಕಂಡವು.

ಹತ್ತು ವರ್ಷ ಎರಡು ಒಲೆ

ನಾನು ಎತ್ತು ಮಾರಲಿಲ್ಲ. ಬದಲು ಎರಡು ಸಂಸಾರ ಮಾಡಿದೆ. ನಮ್ಮಾಕಿ, ಮಕ್ಕಳು ಹೊಸ ಊರಿನಲ್ಲಿ. ನಾನು, ಅವ್ವ, ದನ ಹಳೆ ಮನಿಯಲ್ಲಿ. ಬಿದ್ದ ಗ್ವಾಡಿ ಮತ್ತೆ ಕಟ್ಟಿದೆ. ಅವ್ವ ಹೊಸ ಮನಿಗೆ ಬರಲು ಒಪ್ಪಲೇ ಇಲ್ಲ. “ಎಮ್ಮಿ ಬಿಟ್ಟು ನಾ ಅಲ್ಲಿ ಏನ್ ಮಾಡ್ಲಿ? ನನ್ನನ್ನೇನು ಬೀಗರ ಮನಿಗೆ ಕಳಸ್ತೀಯೇನು?” ಅನ್ನುತ್ತಿದ್ದಳು.

ಇದು ನನ್ನೊಬ್ಬನ ಕಥೆಯಲ್ಲ. ಬಹಳ ಮಂದಿ ಹೀಗೇ ಮಾಡಿದರು. ಹೊರಗಿನಿಂದ ಬಂದವರು, “ಮನಿ ಕೊಟ್ಟರೂ ಹೋಗಲಿಲ್ಲ, ಹಟಮಾರಿಗಳು” ಅಂದರು. ಹಟ ಅಲ್ಲ, ದನ ಇತ್ತು.

ಎರಡು ಒಲೆಯ ಖರ್ಚು ಏನು ಅಂತ ಬರೆಯುತ್ತೇನೆ. ಒಂದು, ನಡಿಗೆ. ದಿನಕ್ಕೆ ಐದು ಕಿಲೋಮೀಟರು, ಹೋಗಿ ಬರಲು ಒಂದು ತಾಸಿಗಿಂತ ಹೆಚ್ಚು. ನಮ್ಮಾಕಿ ರೊಟ್ಟಿ ಬಡಿದು, ಮಕ್ಕಳನ್ನು ಸಾಲಿಗೆ ಕಳಿಸಿ ಹೊಲಕ್ಕೆ ಬರುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು. ಕಡ್ಲಿ ಕೀಳುವವರಿಗೆ ಗೊತ್ತು, ಇಬ್ಬನಿ ಇರುವಾಗಲೇ ಕಿತ್ತರೆ ಕಾಯಿ ಉದುರುವುದಿಲ್ಲ. ಬಿಸಿಲಾದ ಮೇಲೆ ಕೀಳಲು ಹೋದರೆ ಕಾಯಿ ನೆಲಕ್ಕೆ, ಕೈಗೆ ಗಾಯ. ನಡಿಗೆ ತಿಂದದ್ದು ಆ ತಂಪಿನ ಹೊತ್ತನ್ನೇ.

ಎರಡು, ಗೊಬ್ಬರ. ಎರಡು ಎತ್ತು, ಒಂದು ಎಮ್ಮಿ, ಒಂದು ಆಕಳು ಇದ್ದಾಗ ನಮ್ಮ ತಿಪ್ಪಿಯಿಂದ ವರ್ಷಕ್ಕೆ 12 ಬಂಡಿ ಗೊಬ್ಬರ ಹೊಲಕ್ಕೆ ಹೋಗುತ್ತಿತ್ತು. ಆಕಳು ಮಾರಿದೆ. ಹೆಂಡಿ ತೆಗೆಯುವ ಕೈ ಕಡಿಮೆ ಆಯಿತು. ಅವ್ವನಿಗೆ ವಯಸ್ಸು. 12 ಬಂಡಿ ಐದಾಯಿತು. ನಮ್ಮ ಏಳು ಎಕರೆಯಲ್ಲಿ ಜೋಳ ಒಳ್ಳೆ ವರ್ಷ ಎಕರೆಗೆ ಐದು ಚೀಲ ಬರುತ್ತಿತ್ತು. ಅಂಥದೇ ಮಳೆಯಾದ ವರ್ಷವೂ ಮೂರೂವರೆಗೆ ಇಳಿಯಿತು. ಎಲ್ಲ ಗೊಬ್ಬರದ್ದೇ ಕಾರಣ ಅನ್ನಲಾರೆ. ಹೊಳೆ ಮೇಲ್ಮಣ್ಣು ಒಯ್ದದ್ದೂ ಇದೆ. ಆದರೆ ನಡಿಗೆ ಹೆಚ್ಚಿದಷ್ಟು ಗೊಬ್ಬರ ಕಡಿಮೆ ಆಗುತ್ತದೆ ಅನ್ನುವುದು ನಾನು ಕಣ್ಣಾರೆ ಕಂಡ ಲೆಕ್ಕ.

2019ರ ಆಗಸ್ಟ್

ಆ ವರ್ಷ ಜುಲೈ ಮುಗಿಯುವ ತನಕ ಮಳೆಗೆ ಕಾದೆವು. ಹೆಸರು ಅರ್ಧ ಒಣಗಿತ್ತು. ಆಗಸ್ಟ್ ಮೊದಲ ವಾರದಲ್ಲಿ ಮಲೆನಾಡಿನಲ್ಲಿ ಮಳೆ ಹಿಡಿಯಿತು. ನವಿಲುತೀರ್ಥ ತುಂಬಿತು, ನೀರು ಬಿಡುತ್ತಾರೆ ಅಂತ ಮೈಕಿನಲ್ಲಿ ಸಾರಿ ಹೋದರು. ಹಿಂದೆಯೂ ಹಾಗೆ ಸಾರಿದ್ದರು, ನೀರು ಅಗಸಿತನಕ ಬಂದು ಹೋಗಿತ್ತು. ಸಂಜೀತನಕ ನೋಡೋಣ ಅಂದೆ. ಅದು ನನ್ನ ತಪ್ಪು.

ಕತ್ತಲಾದ ಮೇಲೆ ನೀರು ಬಂತು. ಹೊಳೆ ಕಡೆಯಿಂದ ಬರುತ್ತದೆ ಅಂತ ನೋಡುತ್ತಿದ್ದರೆ ಹಿಂದಿನ ಹಳ್ಳದ ಕಡೆಯಿಂದ ಬಂತು. ಎತ್ತು ಬಿಚ್ಚಿದೆ. ಅವ್ವ ಎಮ್ಮಿಯ ಕಣ್ಣಿ ತಾನೇ ಬಿಚ್ಚಿದಳು. ಮೊಣಕಾಲು ನೀರಿನಲ್ಲಿ ಅಗಸಿ ದಾಟಿದೆವು. ಅಲ್ಲಿ ಟ್ರ್ಯಾಕ್ಟರಿನವರು ಅವ್ವನನ್ನು ಹತ್ತಿಸಿಕೊಂಡರು. ದಿಬ್ಬ ಏರಿದ ಮೇಲೆ ಎಮ್ಮಿ ನಿಂತು ಹಿಂದಕ್ಕೆ ನೋಡಿ ಒದರಿತು. ಆಗ ನೆನಪಾಯಿತು. ಒಳಗಿನ ಮೂಲಿಗೆ ಕಟ್ಟಿದ ಕರ ಅಲ್ಲೇ ಉಳಿದಿತ್ತು. ಹುಟ್ಟಿ ಇಪ್ಪತ್ತು ದಿನ ಆಗಿತ್ತು. ತಿರುಗಿ ಹೋಗಲು ಯಾರೂ ಬಿಡಲಿಲ್ಲ, ನನಗೂ ಧೈರ್ಯ ಬರಲಿಲ್ಲ.

ಅವ್ವ ನನ್ನನ್ನು ಬೈಯಲಿಲ್ಲ. ಬೆಳತನಕ ಎಮ್ಮಿ ಮಗ್ಗಲಿಗೆ ಕೂತಿದ್ದಳು. ಬೆಳಗಾದ ಮೇಲೆ ಒಂದೇ ಮಾತು ಅಂದಳು, “ದನಕ್ಕ ಇಲ್ಲೊಂದು ನೆಲಿ ಮಾಡೋ ತಮ್ಮಾ. ಆಮ್ಯಾಲ ನಾ ಎಲ್ಲಿ ಅಂದ್ರ ಅಲ್ಲಿ ಇರ್ತೀನಿ.”

ಹೊಸ ಊರಿಗೆ ಹನಿ ನೀರು ಬರಲಿಲ್ಲ. ಇದನ್ನು ಹೇಳಲೇಬೇಕು. ನಾವು ಬೈದುಕೊಳ್ಳುತ್ತಿದ್ದ ಆ ಮನಿಯೇ ಅವತ್ತು ಜೀವ ಉಳಿಸಿತು. ಅಕ್ಟೋಬರಿನಲ್ಲಿ ಹೊಳೆ ಮತ್ತೊಮ್ಮೆ ಬಂದಾಗ ಹಳೆ ಮನಿಯ ಉಳಿದ ಗ್ವಾಡಿಯೂ ಬಿತ್ತು. ಈ ಸಲ ಕಟ್ಟಲಿಲ್ಲ. ತೊಲಿ, ಕಂಬ ಬಿಚ್ಚಿ ಬಂಡಿಗೆ ಹೇರಿದೆ.

ನಾವು ಮಾಡಿಕೊಂಡದ್ದು

ದನದ ನೆಲಿ: ದನ ಮಾರಲು ಮನಸ್ಸಿಲ್ಲದ ಐದು ಮನಿಯವರು ಕೂಡಿದೆವು. ಊರಿಗೆ ಹತ್ತಿದ ಹೊಲದವನ ಹತ್ತಿರ ಹತ್ತು ಗುಂಟೆ ಜಾಗ ವರ್ಷದ ಲಾವಣಿಗೆ ಹಿಡಿದೆವು. ಹಳೆ ಮನಿಗಳ ಕಂಬ, ತೊಲಿ ತಂದು ತಗಡು ಹೊದಿಸಿದೆವು. ಇಂದು ಅಲ್ಲಿ 14 ದನ ಇವೆ. ರಾತ್ರಿ ಕಾಯುವುದು ಪಾಳಿ ಮೇಲೆ, ಐದು ದಿನಕ್ಕೊಮ್ಮೆ ಒಬ್ಬೊಬ್ಬರು. ಗ್ವಾದಲಿ ಮಾತ್ರ ಬೇರೆ ಬೇರೆ. ಮೇವು ಬೆರೆತರೆ ಮನಸ್ಸು ಕೆಡುತ್ತದೆ, ಇದು ಅನುಭವದ ಮಾತು. ಲಾವಣಿಯನ್ನು ಐದು ವರ್ಷಕ್ಕೆ ಕಾಗದದ ಮೇಲೆ ಬರೆಸಿದೆವು. ಬಾಯಿಮಾತಿನ ಮೇಲೆ ತಗಡು ಹಾಕಬಾರದು.

ತಿಪ್ಪಿ: ಅದೇ ಜಾಗದ ತಗ್ಗಿನ ಕಡೆ ಐದು ಗುಂಡಿ. ಗುಂಡಿ ತುಂಬಿದ ಮೇಲೆ ಮಣ್ಣು ಮೆತ್ತಿ ಮುಚ್ಚುತ್ತೇವೆ. ವಾಸನೆ ಇಲ್ಲ, ನೊಣ ಕಡಿಮೆ. ಹೊಲಕ್ಕೆ ಸಾಗಿಸುವಾಗ ಐದು ಮನಿಯದೂ ಒಂದೇ ಟ್ರ್ಯಾಕ್ಟರು, ಡೀಜೆಲ್ ಖರ್ಚು ಹಂಚಿಕೆ. ಇನ್ನೂ ಕಡಿಮೆ ಬಿದ್ದದ್ದಕ್ಕೆ ಕುರಿ ನಿಲ್ಲಿಸುತ್ತೇವೆ. ಬೇಸಿಗೆಯಲ್ಲಿ ಕುರಿಯವರು ಬರುತ್ತಾರೆ. ರಾತ್ರಿಗೆ ಇಷ್ಟು ಜೋಳ ಅಂತ ಮಾತಾಡಿ ಹೊಲದಲ್ಲಿ ತರಬುತ್ತೇವೆ. ಕುರಿ ಹಿಕ್ಕಿ, ಗಂಜಲ ಹೊತ್ತು ಹಾಕುವ ಕೆಲಸವೇ ಇಲ್ಲ, ಕುರಿಗಳೇ ನಡೆದು ಬಂದು ಹಾಕಿ ಹೋಗುತ್ತವೆ. ಕುರಿ ನಿಂತ ಪಟ್ಟಿಯಲ್ಲಿ ಜೋಳ ಮತ್ತೆ ಐದು ಚೀಲಕ್ಕೆ ಬಂದಿದೆ.

ಗ್ವಾಡಿ ಬಿರುಕು: ಹೊಸ ಊರು ಇರುವುದೂ ಎರಿ ಭೂಮಿ ಮೇಲೆ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಕೂತ ಗ್ವಾಡಿ ಅದರ ಸಂಗಡ ಏಳುತ್ತದೆ, ಇಳಿಯುತ್ತದೆ. ಬಿರುಕು ಬಿಡದೆ ಏನು ಮಾಡೀತು? ನಮ್ಮಾಕಿಯ ತವರು ಗಜೇಂದ್ರಗಡ ಕಡೆ. ಅದು ಗುಡ್ಡದ ಮಸಾರಿ ಸೀಮೆ, ಗರಸು ನೆಲ. ಆಕೆಯ ಅಣ್ಣ ಗೌಂಡಿ. ಅವರು ಬಂದು ನೋಡಿ ನಕ್ಕರು. “ಮಾವಾರ, ಗ್ವಾಡಿ ಬುಡಕ್ಕ ಬಚ್ಚಲ ನೀರು ಕುಡಿಸಾಕ್ಹತ್ತೀರಿ. ಒಂದು ಮೂಲಿ ಹಸಿ, ಒಂದು ಮೂಲಿ ಒಣ. ಮನಿ ಹ್ಯಾಂಗ ನೆಟ್ಟಗ ನಿಲ್ತೈತಿ?” ಅಂದರು. ಅವರು ಹೇಳಿದಂತೆ ಗ್ವಾಡಿಯ ಸುತ್ತ ಮೂರು ಅಡಿ ಅಗಲ, ಒಂದೂವರೆ ಅಡಿ ಆಳ ಎರಿ ಮಣ್ಣು ತೆಗೆದೆವು. ಆರು ಮನಿಯವರು ಕೂಡಿ ಗಜೇಂದ್ರಗಡ ಕಡೆಯಿಂದ ಟಿಪ್ಪರಿನಲ್ಲಿ ಗರಸು ತರಿಸಿ ತುಂಬಿ ಧಮ್ಮಸು ಮಾಡಿದೆವು. ಮೇಲೆ ಹೊರಗಡೆ ಇಳಿಜಾರಾಗಿ ಪರಸಿ ಹಾಸಿದೆವು. ಬಚ್ಚಲ ನೀರನ್ನು ದೂರ ಒಯ್ದೆವು. ಇದ್ದ ಬಿರುಕು ಕೂಡಿಕೊಳ್ಳಲಿಲ್ಲ, ಆದರೆ ಆಮೇಲೆ ಹೆಚ್ಚಾಗಲಿಲ್ಲ. ಹಾಸಿದ ಪರಸಿಯೇ ಈಗ ನಮ್ಮ ಕಟ್ಟಿ. ಸಂಜೆ ನಾಲ್ಕು ಮಂದಿ ಬಂದು ಕೂರುತ್ತಾರೆ. ನಿಂತಿದ್ದ ಮುಯ್ಯಾಳು ಅಲ್ಲಿಂದಲೇ ಮತ್ತೆ ಶುರುವಾಯಿತು.

ಕುಡಿಯುವ ನೀರು: ಕಾಂಕ್ರೀಟು ಮಾಳಿಗಿಯಿಂದ ಒಂದು ಲಾಭ ಇದೆ. ಮಣ್ಣಿನ ಮಾಳಿಗಿಯ ನೀರು ಕುಡಿಯಲು ಬಾರದು, ಇದರದ್ದು ಬರುತ್ತದೆ. ಲೆಕ್ಕ ಸರಳ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನಮ್ಮ ಮಾಳಿಗಿ 400 ಚದರಡಿ, ಅಂದರೆ ಸುಮಾರು 37 ಚದರ ಮೀಟರು. 600 ಮಿಲಿಮೀಟರು ಮಳೆಗೆ 22,000 ಲೀಟರು. ಮೊದಲ ಮಳೆ ತೊಳೆದು ಬಿಟ್ಟು, ಸೋರಿದ್ದು, ಆರಿದ್ದು ತೆಗೆದರೂ 17,000 ಲೀಟರಿಗೆ ಮೋಸ ಇಲ್ಲ. ನಾನು ಕಟ್ಟಿಸಿದ್ದು 8,000 ಲೀಟರಿನ ತೊಟ್ಟಿ. ಕುಡಿಯಲು, ಅಡಗಿಗೆ ದಿನಕ್ಕೆ 30 ಲೀಟರು ತೆಗೆದರೆ ಎಂಟು ತಿಂಗಳ ಮೇಲೆ ಬರುತ್ತದೆ. ತೊಟ್ಟಿಯ ಬಾಯಿ ಬೆಳಕು ಬೀಳದಂತೆ ಮುಚ್ಚಬೇಕು, ಇಲ್ಲದಿದ್ದರೆ ಪಾಚಿ, ಸೊಳ್ಳೆ. ಈಗ ಬೇಳೆ ಬೇಯುತ್ತದೆ.

ನೆರಳು: ಪಡುವಣ ಕಡೆ ಎರಡು ಬೇವು, ಒಂದು ಹೊಂಗೆ ಹಚ್ಚಿದ್ದೇವೆ. ಗ್ವಾಡಿಗೆ ಹತ್ತಿರ ಹಚ್ಚಬಾರದು, ಬೇರು ನೆಲದ ಹಸಿ ಎಳೆದು ಬಿರುಕು ಹೆಚ್ಚಿಸುತ್ತದೆ. ನಾವು ಹದಿನೈದು ಅಡಿ ಬಿಟ್ಟೆವು. ಪ್ರತಿ ಬೇಸಿಗೆ ಮೊದಲಿಗೆ ಮಾಳಿಗಿಗೆ ಸುಣ್ಣ ಬಳಿಯುತ್ತೇವೆ. ಗಿಡ ದೊಡ್ಡವಾಗುವ ತನಕ ಅದರಿಂದಲೇ ಜೀವ ಹಿಡಿದೆವು.

ಕಾಳು: ಹಗೇವು ಬಿಟ್ಟೆವು. ತಗಡಿನ ಕಣಜ ಎರಡು ಇವೆ. ಹಗೇವಿನಷ್ಟು ವರ್ಷ ಕಾಳು ಇಡಲು ಆಗುವುದಿಲ್ಲ, ಎರಡು ವರ್ಷಕ್ಕೆ ಹುಳ ಬೀಳುತ್ತದೆ. ಇದಕ್ಕೆ ಇನ್ನೂ ಒಳ್ಳೆ ದಾರಿ ಕಂಡಿಲ್ಲ. ಬಲ್ಲವರು ತಿಳಿಸಬೇಕು.

ಊರು ಸರಿಸುವ ಮೊದಲೇ ಕೇಳಿರಿ

ಊರು ಎದ್ದು ಹೋಗುವುದು ನಮ್ಮಲ್ಲೇ ಮೊದಲಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಆದ ಮೇಲೆ ಲಾತೂರ್, ಉಸ್ಮಾನಾಬಾದ್ ಕಡೆ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು. ಅವರೂ ನಮ್ಮಂತೆ ಜೋಳ ತಿನ್ನುವ ಒಣಬೇಸಾಯದವರು. ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟೆಯ ಎಷ್ಟೋ ಓಣಿಗಳು ನವನಗರಕ್ಕೆ ಹೋದವು, ಹೊಳೆಸಾಲಿನ ಹಳ್ಳಿಗಳೂ ಎದ್ದವು. ಮುಂದೆಯೂ ಹೋಗುವ ಊರುಗಳು ಇರುತ್ತವೆ. ಅಂಥವರು ಮನಿಯ ನಕ್ಷೆ ತೋರಿಸಿದ ದಿನವೇ ಈ ಆರು ಮಾತು ಕೇಳಬೇಕು:

1. ದನ ಎಲ್ಲಿ? ಮನಿಗೆ ಹತ್ತಿ ಆಗದಿದ್ದರೆ ಊರಿಗೆ ಹತ್ತಿ ಸಾಮೂಹಿಕ ಜಾಗ ಬಿಡಿಸಿಕೊಳ್ಳಿ. ಮನಿ ಎದ್ದ ಮೇಲೆ ಜಾಗ ಸಿಗುವುದಿಲ್ಲ.

2. ತಿಪ್ಪಿ, ಬಣವಿ, ಕಣ ಎಲ್ಲಿ? ಮೂರಕ್ಕೂ ನಕ್ಷೆಯಲ್ಲೇ ಗೆರೆ ಹಾಕಿಸಿ.

3. ಹೊಲಕ್ಕೆ ದಾರಿ ಹೇಗೆ? ಬಂಡಿ ಹೋಗುವ ದಾರಿ ಬೇಕು, ಬರೇ ಕಾಲುದಾರಿ ಸಾಲದು.

4. ನೆಲ ಎರಿಯೋ ಮಸಾರಿಯೋ? ಎರಿ ಇದ್ದರೆ ಅಡಿಪಾಯ ಹೇಗೆ ಹಾಕುತ್ತೀರಿ ಅಂತ ಊರಿನ ಗೌಂಡಿಯನ್ನು ಕರೆದುಕೊಂಡು ಹೋಗಿ ಕೇಳಿ.

5. ಚೀಟಿ ಎತ್ತುವುದಾದರೆ ಓಣಿಗೆ ಓಣಿ ಎತ್ತಿ, ಮನಿಗೆ ಮನಿ ಬೇಡ. ಮಗ್ಗಲು ಮನಿಯವರು ಮಗ್ಗಲಲ್ಲೇ ಉಳಿಯಲಿ.

6. ಕಾಗದ ಯಾರ ಹೆಸರಿಗೆ, ಯಾವಾಗ? ಕೀಲಿಕೈ ಸಂಗಡ ಕಾಗದವನ್ನೂ ಕೇಳಿ.

ಈ ಆರರಲ್ಲಿ ಒಂದನ್ನಾದರೂ ನಾವು 2009ರಲ್ಲಿ ಕೇಳಿದ್ದರೆ ನನ್ನ ಎಮ್ಮಿಯ ಕರ ಹಳೆ ಮನಿಯ ಮೂಲಿಯಲ್ಲಿ ಇರುತ್ತಿರಲಿಲ್ಲ.

ಈಗ

ಅವ್ವ ಹೊಸ ಮನಿಯಲ್ಲಿ ಎರಡು ವರ್ಷ ಇದ್ದಳು. ಹಳೆ ಮನಿಯಿಂದ ಆಕೆ ತಂದದ್ದು ಬೀಸುವ ಕಲ್ಲು ಒಂದೇ. ದಿನಾ ಬೆಳಿಗ್ಗೆ ಕೋಲು ಹಿಡಿದು ದನದ ನೆಲಿಗೆ ಹೋಗಿ ಬರುತ್ತಿದ್ದಳು. 2021ರಲ್ಲಿ ತೀರಿಕೊಂಡಳು. ಆಕೆ ಹೇಳಿದಂತೆ ನಮ್ಮ ಹೊಲದ ಬದುವಿಗೆ ಮಣ್ಣು ಮಾಡಿದೆವು. ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೋದಾಗ ಮೊದಲ ತುತ್ತು ಅಲ್ಲಿಡುತ್ತೇವೆ. ಜಾತ್ರೆಗೆ ಹಳೆ ಊರಿನ ದ್ಯಾಮವ್ವನ ಹತ್ತಿರವೇ ಹೋಗುತ್ತೇವೆ. ದೇವಿಯನ್ನು ಸರಿಸುವ ಮಾತು ಎರಡು ಸಲ ಬಂತು, ಯಾರೂ ಕೈಹಾಕಲಿಲ್ಲ.

ನಮ್ಮ ಓಣಿಯ 40 ಮನಿಯಲ್ಲಿ ಈಗ ಐದು ಜೋಡಿ ಎತ್ತು. ಉಳಿದವರದು ಬಾಡಿಗೆ ಟ್ರ್ಯಾಕ್ಟರು. ಮಗ ಹೇಳುತ್ತಾನೆ, “ಅಪ್ಪಾ, ನಿಮಗೂ ಆಗಂಗಿಲ್ಲ, ಮಾರಿಬಿಡೋಣು. ವರ್ಷದಾಗ ನಾಲ್ವತ್ತು ದಿನ ದುಡೀತಾವ, ಮುನ್ನೂರು ದಿನ ತಿಂತಾವ.” ಅವನ ಲೆಕ್ಕ ಸುಳ್ಳಲ್ಲ. ನಾನು ಹೇಳುವುದು, “ತಿಂದದ್ದು ತಿಪ್ಪಿಗೆ ಬರತೈತಲ್ಲೋ, ಟ್ರ್ಯಾಕ್ಟರು ತಿಂದದ್ದು ಎಲ್ಲಿಗೆ ಹೋಗತೈತಿ?” ಇಬ್ಬರೂ ಸೋತಿಲ್ಲ, ಇಬ್ಬರೂ ಗೆದ್ದಿಲ್ಲ. ಲಾವಣಿ ಕಾಗದದ ಐದು ವರ್ಷ ಮುಗಿದಾಗ ಇನ್ನೈದು ವರ್ಷಕ್ಕೆ ಬರೆಸಬೇಕೋ ಬೇಡವೋ ಅಂತ ಮನಿಯಲ್ಲಿ ಎಂಟು ದಿನ ಮಾತಾಯಿತು. ಕೊನೆಗೆ ಮಗನೇ ಹೋಗಿ ಬರೆಸಿಕೊಂಡು ಬಂದ. ಯಾಕೆ ಅಂತ ನಾನು ಕೇಳಲಿಲ್ಲ.

ನಿಮ್ಮ ಊರೂ ಹೀಗೆ ಎದ್ದು ಬಂದಿದ್ದರೆ ದನ, ಗೊಬ್ಬರ, ಕಾಳಿಗೆ ಏನು ಮಾಡಿಕೊಂಡಿರಿ ಅಂತ ಈ ಪತ್ರಿಕೆಗೆ ಬರೆಯಿರಿ. ಹಗೇವಿನ ಬದಲಿಗೆ ಏನು ಅನ್ನುವುದನ್ನಂತೂ ತಪ್ಪದೆ ಬರೆಯಿರಿ. ಅದಕ್ಕಾಗಿ ನಾನು ಕಾಯುತ್ತಿದ್ದೇನೆ.